ಪದಚರ್ಚೆ: ಮೆಸೇಜು ‘ಹೋಯಿತು’, ಮೆಸೇಜು ‘ಮುಟ್ಟಿತು’ – ಎರಡಕ್ಕೂ ‘ಲಾಗಿದೆ’ ಯಾಕೆ?

ಸಿಮ್ ಹಾಕುವ ಲ್ಯಾಪ್‌ಟಾಪಿನಿಂದ ಎಸ್ಸೆಮ್ಮೆಸ್ ಕಳಿಸುವ ಕ್ರಮವನ್ನು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ಮಂಡಿ, ಸೊಸೈಟಿಗಳ ಗುಮಾಸ್ತರಿಗೆ ತಿಳಿಯುವ ಹಾಗೆ ಕನ್ನಡದ ಕೈಪಿಡಿಯಾಗಿ ಬರೆಯಬೇಕಾಗಿದೆ. ತೊಡಕು ಬಂದಿರುವುದು ಕ್ರಿಯಾಪದಗಳಲ್ಲಿ. ತೆರೆಯ ಮೇಲೆ ಬರುವ ‘ಕಳುಹಿಸಲಾಗಿದೆ’, ‘ತಲುಪಿಸಲಾಗಿದೆ’ ಎರಡನ್ನೂ ಓದುವವರು ಒಂದೇ ಎಂದುಕೊಳ್ಳುತ್ತಾರೆ. ‘ಲಾಗಿದೆ’ ಎಂದ ಕೂಡಲೇ ಯಾರು ಮಾಡಿದರು ಎನ್ನುವುದು ಮರೆಯಾಗುತ್ತದೆ. ಇಲ್ಲಿ ಗೊತ್ತಾಗಬೇಕಾದದ್ದೇ ಅದು.

ಕೆಲಸ ನಡೆಯುವುದು ಮೂರು ಹೆಜ್ಜೆಯಲ್ಲಿ. ಲ್ಯಾಪ್‌ಟಾಪು ಬರೆದದ್ದನ್ನು ಒಳಗಿನ ಮೋಡೆಮಿಗೆ (ಸಿಮ್ ಬಳಸಿ ಟವರಿನೊಡನೆ ಮಾತಾಡುವ ಭಾಗಕ್ಕೆ) ಕೊಡುತ್ತದೆ. ಮೋಡೆಮು ಅದನ್ನು ಟವರಿನ ಮೂಲಕ ಮೊಬೈಲ್ ಕಂಪನಿಯ ಸಂದೇಶ ಕೇಂದ್ರಕ್ಕೆ ಒಪ್ಪಿಸುತ್ತದೆ. ಕೇಂದ್ರ ಅದನ್ನು ಇಟ್ಟುಕೊಂಡು, ಆ ಕಡೆಯ ಫೋನು ಸಿಕ್ಕಾಗ ಕೊಡುತ್ತದೆ. ಕಾಗದದ ಕಾಲದ ಮಾತು ಇದಕ್ಕೆ ಅಳತೆ ತೆಗೆದ ಹಾಗೆ ಕೂರುತ್ತದೆ: ಕಾಗದ ಬರೆದೆ, ಡಬ್ಬಿಗೆ ಹಾಕಿದೆ, ಅವರಿಗೆ ಮುಟ್ಟಿತು. ‘ಮೆಸೇಜ್ ಹಾಕು’ ಎಂದು ಜನ ಈಗಲೂ ಹೇಳುವುದು ಆ ‘ಕಾಗದ ಹಾಕು’ವಿನ ಜಾಡಿನಲ್ಲೇ. ಆದ್ದರಿಂದ ನನ್ನ ಸಲಹೆ: ಕೇಂದ್ರ ಒಪ್ಪಿಕೊಂಡಾಗ ‘ಹೋಯಿತು’, ಆ ಕಡೆಯ ಫೋನು ಪಡೆದಾಗ ‘ಮುಟ್ಟಿತು’. ನಡುವಿನ ಸ್ಥಿತಿಗೆ ಮಂಡಿಯ ಮಾತೇ ಇದೆ: ‘ಅಲ್ಲೇ ಕೂತಿದೆ’.

ಈ ವ್ಯತ್ಯಾಸ ಯಂತ್ರದಲ್ಲಿ ಕಣ್ಣಿಗೇ ಕಾಣುತ್ತದೆ. ಕೇಂದ್ರ ಒಪ್ಪಿಕೊಂಡ ಕೂಡಲೇ ಮೋಡೆಮು 0ರಿಂದ 255ರೊಳಗಿನ ಒಂದು ಕ್ರಮಸಂಖ್ಯೆಯನ್ನು ಹಿಂದಕ್ಕೆ ಕೊಡುತ್ತದೆ. ಅದು ಅಂಚೆ ಕಚೇರಿಯ ರಸೀದಿ ಇದ್ದ ಹಾಗೆ. ಕಾಗದ ಹೊರಟಿದೆ ಎಂಬುದಕ್ಕಷ್ಟೇ ಸಾಕ್ಷಿ. ಮುಟ್ಟಿದ ಮೇಲೆ ಬರುವ ವರದಿ ಬೇರೆ, ಅದರಲ್ಲಿ ಅದೇ ಕ್ರಮಸಂಖ್ಯೆ ಇರುತ್ತದೆ. ಈ ವರದಿ ಬೇಕೆಂದು ಮೆಸೇಜು ಮಾಡುವಾಗಲೇ ಕೇಳಿರಬೇಕು, ಹೋದ ಮೇಲೆ ಕೇಳಿದರೆ ಸಿಗದು. ಮುಟ್ಟಿತು ಎಂದರೆ ಓದಿದರು ಎಂದೂ ಅಲ್ಲ. ಓದಿದ್ದು ಎಸ್ಸೆಮ್ಮೆಸ್ಸಿಗೆ ತಿಳಿಯುವುದಿಲ್ಲ. ವಾಟ್ಸಾಪಿನ ನೀಲಿ ಗೀಟಿನ ಅಭ್ಯಾಸ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಲಿನಕ್ಸಿನಲ್ಲಿ ಮೋಡೆಮ್‌ಮ್ಯಾನೇಜರ್ (ಮೋಡೆಮನ್ನು ನಡೆಸುವ ತಂತ್ರಾಂಶ) ಬಳಸಿದರೆ ಮೊದಲ ಹೆಜ್ಜೆಯೂ ಬೇರೆಯಾಗಿ ನಿಲ್ಲುತ್ತದೆ, ಅಲ್ಲಿ ಎರಡು ಆಜ್ಞೆ ಕೊಡಬೇಕು. ಒಂದು, ಬರಹ ಮತ್ತು ನಂಬರು ಕೊಟ್ಟು ಮೆಸೇಜನ್ನು ಸಿದ್ಧಮಾಡುವುದು. ಇನ್ನೊಂದು, ಸಿದ್ಧವಾದದ್ದನ್ನು ಕಳಿಸುವುದು. ಮೊದಲನೆಯದು ತಪ್ಪಿಲ್ಲದೆ ಮುಗಿದರೆ ಕೆಲಸ ಆಯಿತು ಎಂದುಕೊಂಡು ಎದ್ದುಹೋಗುವವರೇ ಹೆಚ್ಚು. ಹಾಗಾಗಿ ಮೊದಲನೆಯದಕ್ಕೆ ‘ಬರೆದಿಟ್ಟಿದೆ’ ಎಂದೇ ಹಾಕಬೇಕು, ‘ಆಯಿತು’ ಎಂಬ ಮಾತು ಅಲ್ಲಿ ಸುಳಿಯಬಾರದು. ನಂಬರಿನ ಮುಂದೆ ಕೂಡು ಗುರುತು ಮತ್ತು 91 ಇರಲಿ.

ಎರಡನೆಯ ಪ್ರಶ್ನೆ ‘ನೆಟ್’. ಇಂಟರ್‌ನೆಟ್ಟಿಗೂ ನೆಟ್‌ವರ್ಕಿಗೂ ಇದೊಂದೇ ಮೊಟಕು. ಆದರೆ ಎಸ್ಸೆಮ್ಮೆಸ್ಸಿಗೆ ಡೇಟಾ ಸಂಪರ್ಕ ಬೇಡ. ಮೋಡೆಮು ಜಾಲದಲ್ಲಿ ನೋಂದಣಿಯಾಗಿದ್ದರೆ, ಅಂದರೆ ಜಾಲ ಅದನ್ನು ಗುರುತಿಸಿ ಸೇರಿಸಿಕೊಂಡಿದ್ದರೆ, ಸಾಮಾನ್ಯವಾಗಿ ಸಾಕು. ಮಲೆನಾಡಿನವರು ‘ಟವರ್ ಇದೆ, ನೆಟ್ ಇಲ್ಲ’ ಎನ್ನುವುದು ಸರಿಯಾಗಿ ಈ ಸ್ಥಿತಿಯನ್ನೇ. ಹಾಗಿರುವಾಗ ಕೈಪಿಡಿಯಲ್ಲಿ ‘ಸಂಪರ್ಕವಿಲ್ಲ’ ಎಂದು ಬರೆದರೆ, ಹೋಗಬಹುದಾದ ಮೆಸೇಜನ್ನೂ ಕಳಿಸದೆ ಬಿಡುತ್ತಾರೆ. ನೋಂದಣಿಗೆ ‘ಟವರ್’, ಡೇಟಾಕ್ಕೆ ‘ನೆಟ್’ ಎಂದು ಆಡುಮಾತನ್ನೇ ಎತ್ತಿಕೊಳ್ಳಬಹುದು ಎಂದು ನನಗನ್ನಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದಾಗ ‘ಟವರೇ ಇಲ್ಲ’ ಎನ್ನುವುದೂ ಇದರೊಳಗೇ ಸೇರುತ್ತದೆ.

ಇದಕ್ಕೆ ತಿರುಗುಮುರುಗಾದ ಸ್ಥಿತಿಯೂ ಉಂಟು: ನೆಟ್ ಇದೆ, ಮೆಸೇಜು ಹೋಗದು. 4ಜಿ ಮಾತ್ರ ಇರುವ ಜಾಲದಲ್ಲಿ ಎಸ್ಸೆಮ್ಮೆಸ್ಸು ಐಎಂಎಸ್ ಎಂಬ ಹಾದಿ (ಕರೆ, ಮೆಸೇಜುಗಳನ್ನೂ ಡೇಟಾದ ಹಾಗೆಯೇ ಸಾಗಿಸುವ ಏರ್ಪಾಡು) ಹಿಡಿಯಬೇಕಾಗಬಹುದು. ಲ್ಯಾಪ್‌ಟಾಪಿನ ಮೋಡೆಮಿನಲ್ಲಿ ಆ ಏರ್ಪಾಡು ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಡೇಟಾಕ್ಕೆಂದೇ ಕೊಟ್ಟ ಸಿಮ್ಮಿನಲ್ಲಿ ಮೆಸೇಜಿನ ಸೌಲಭ್ಯವೇ ಇಲ್ಲದಿರಬಹುದು. ದೋಷಸಂಖ್ಯೆ 330 ಬಂದರೆ ಸಂದೇಶ ಕೇಂದ್ರದ ನಂಬರು ಗೊತ್ತಿಲ್ಲ ಎಂದರ್ಥ, ಸಿಮ್ಮಿನಲ್ಲಿ ಅದನ್ನು ಮತ್ತೆ ತುಂಬಬೇಕು. 331 ಬಂದರೆ ಟವರ್ ಇಲ್ಲ.

ಮೂರನೆಯದು ‘ಅಕ್ಷರ’. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160, ಕನ್ನಡದಲ್ಲಿ 70 ಅಕ್ಷರ ಎಂದು ಎಲ್ಲ ಕಡೆ ಬರೆಯುತ್ತಾರೆ. ಒಂದು ಮೆಸೇಜಿನ ಒಡಲು 140 ಬೈಟು, ಒಂದು ಬೈಟಿಗೆ 8 ಬಿಟ್. ಇಂಗ್ಲಿಷಿನ ಗುರುತಿಗೆ 7 ಬಿಟ್ ಸಾಕು, ಕನ್ನಡದ ಗುರುತಿಗೆ 16 ಬೇಕು. ಲೆಕ್ಕ ಅಲ್ಲಿಂದ ಬಂತು. ಆದರೆ ನಾವು ಅಕ್ಷರ ಎನ್ನುವುದು ಒತ್ತು, ಗುಣಿತ ಎಲ್ಲ ಸೇರಿದ ಇಡಿಯನ್ನು. ಯಂತ್ರ ಎಣಿಸುವುದು ಬಿಡಿಯನ್ನು. ‘ಬೆಟ್ಟೆ’ (ಅಡಿಕೆಯ ಒಂದು ಬಗೆ) ನಮಗೆ ಎರಡು ಅಕ್ಷರ; ಯಂತ್ರಕ್ಕೆ ಬ, ಎತ್ವ, ಟ, ವಿರಾಮ (ಒತ್ತಕ್ಷರ ಮಾಡುವ ಗುರುತು), ಟ, ಎತ್ವ ಎಂದು ಆರು.

ಧಾರಣೆಯ ಮೆಸೇಜನ್ನೇ ತೆಗೆದುಕೊಳ್ಳಿ: ‘ಇಂದಿನ ಧಾರಣೆ: ರಾಶಿ, ಬೆಟ್ಟೆ, ಸರಕು, ಗೊರಬಲು’. ಅಕ್ಷರ ಎಣಿಸಿದರೆ 17. ಯಂತ್ರದ ಲೆಕ್ಕದಲ್ಲಿ ಪದಗಳೇ 30, ಖಾಲಿ ಜಾಗ ಮತ್ತು ಚಿಹ್ನೆ ಸೇರಿ 39. ನಾಲ್ಕು ಹೆಸರಿನ ಮುಂದೆಯೂ ಒಂದು ಖಾಲಿ ಜಾಗ ಬಿಟ್ಟು ಐದಂಕಿಯ ದರ ಬರೆದರೆ 63. ಕೊನೆಗೆ ಖಾಲಿ ಜಾಗ ಬಿಟ್ಟು ‘ಶಿವಮೊಗ್ಗ’ ಸೇರಿಸಿದರೆ 72. ಅಲ್ಲಿಗೆ ಮೆಸೇಜು ಎರಡು ತುಂಡಾಗುತ್ತದೆ. ತುಂಡಾದ ಮೇಲೆ ಜೋಡಿಸುವ ಗುರುತಿಗೂ ಜಾಗ ಹೋಗುವುದರಿಂದ ಒಂದೊಂದರಲ್ಲಿ 67 ಮಾತ್ರ, ಹಣದ ಲೆಕ್ಕವೂ ಎರಡರದ್ದು. ಅಲ್ಪವಿರಾಮದ ಮುಂದಿನ ಮೂರು ಖಾಲಿ ಜಾಗ ತೆಗೆದರೆ 69, ಒಂದರಲ್ಲೇ ಮುಗಿಯುತ್ತದೆ. ಇಂಥ ಕಡೆ ‘ಅಕ್ಷರ’ ಎಂದರೆ ಗುಮಾಸ್ತರ ಎಣಿಕೆ ತಪ್ಪಿಯೇ ತಪ್ಪುತ್ತದೆ. ‘ಬಿಡಿಗುರುತು’ ಎಂದರೆ ಹೇಗೆ? ತುಂಡಿಗೆ ‘ಕಂತು’ ಎನ್ನಬಹುದು. ಎರಡು ಕಂತಿನ ಮೆಸೇಜು ಎಂದರೆ ಒಂದು ಮುಟ್ಟಿ ಇನ್ನೊಂದು ಕೂತಿರಬಹುದು ಎನ್ನುವುದೂ ಅದರಲ್ಲೇ ಬರುತ್ತದೆ.

(ನೂರಾರು ಬೆಳೆಗಾರರಿಗೆ ಒಟ್ಟಿಗೆ ಧಾರಣೆ ಹಾಕಲು ಇದು ದಾರಿಯಲ್ಲ. ವ್ಯಾಪಾರದ ಮೆಸೇಜಿಗೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದಂತೆ ನೋಂದಣಿ ಬೇಕು.)

ಹೆಸರಿನ ಬಗ್ಗೆ ಒಂದು ಮಾತು. ‘ಮೊಬೈಲ್ ಸಂದೇಶ’ ಎಂಬ ಪದವನ್ನು ಬಿಡುವುದು ಒಳ್ಳೆಯದು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಕಳಿಸಿದ ಮೊಟ್ಟಮೊದಲ ಎಸ್ಸೆಮ್ಮೆಸ್ಸು ಹೊರಟದ್ದೇ ಕಂಪ್ಯೂಟರಿನಿಂದ. ಬರಿಯ ‘ಮೆಸೇಜು’ ಎಂದರೆ ಈಗ ಜನರಿಗೆ ವಾಟ್ಸಾಪು. ‘ಕಿರುಸಂದೇಶ’ ಪತ್ರಿಕೆಯಲ್ಲಿ ಚೆನ್ನ, ಬಾಯಲ್ಲಿ ಬಾರದು. ಕೈಪಿಡಿಗೆ ‘ಎಸ್ಸೆಮ್ಮೆಸ್’ ಅಥವಾ ‘ಸಾದಾ ಮೆಸೇಜು’ ಸಾಕು.

ಉಳಿದಿರುವುದು ಒಂದು ಪದ. ಕೇಂದ್ರದಲ್ಲಿ ಕೂತ ಮೆಸೇಜಿಗೆ ಗಡುವು ಇರುತ್ತದೆ. ಅಷ್ಟರೊಳಗೆ ಆ ಕಡೆಯ ಫೋನು ಸಿಗದಿದ್ದರೆ ಕೇಂದ್ರ ಅದನ್ನು ಅಳಿಸಿಬಿಡುತ್ತದೆ. ‘ವಿಫಲವಾಗಿದೆ’ ಎಂದರೆ ನಮ್ಮ ಕಡೆಯೇ ಏನೋ ತಪ್ಪಾಯಿತು ಎಂಬ ಅರ್ಥ ಬರುತ್ತದೆ. ಮಂಡಿಯಲ್ಲಿ ಸಾಲಕ್ಕೆ ಹೇಳುವ ‘ವಾಯಿದೆ ಮೀರಿತು’ ಇಲ್ಲಿ ಒಪ್ಪುತ್ತದೆ ಎಂದು ತೋರುತ್ತದೆ. ಸಾಗರ, ಹೊಸನಗರದ ಕಡೆ ಮಂಡಿಯ ಹೊರಗಿನವರ ಬಾಯಲ್ಲೂ ‘ವಾಯಿದೆ’ ಇದೆಯೇ, ಅಥವಾ ‘ಗಡುವು’ ಎಂದರೇ ಬೇಗ ತಿಳಿಯುವುದೇ?