ಅಡಿಕೆ ಹಾಳೆಯ ತೂಗುಚಪ್ಪರ ಮಕ್ಕಳಿಂದ ಮಾಡಿಸೋದು ಹೇಗೆ?

ಊರಶಾಲೆ: ಸಾಗರ ತಾಲ್ಲೂಕಿನ ಹಳ್ಳಿ ಶಾಲೆ, 40 ಮಕ್ಕಳು. ಭೂಮಿ ಹುಣ್ಣಿಮೆ (ರೈತರು ಭೂಮಿ ಪೂಜೆ ಮಾಡೋ ಹಬ್ಬ) ಹೊತ್ತಿಗೆ ಊಟದ ಹಾಲ್‌ನಲ್ಲಿ ಹಾಳೆ ತುಂಡುಗಳನ್ನ ಪೋಣಿಸಿ ತೂಗುಚಪ್ಪರ ಕಟ್ಟಿಸಬೇಕು ಅಂತಿದೆ. ಹಂಚಿನ ಮಾಡು, ಎರಡು ತೊಲೆ, ನಡುವೆ 12 ಅಡಿ, ಎತ್ತರ 10 ಅಡಿ. ಹಾಳೆ ಒಣಗಿದರೆ ಸುರುಟುತ್ತೆ, ದಾರ ಹಾಕಿದಲ್ಲಿ ಸೀಳುತ್ತೆ, ಬಣ್ಣ ಉದುರುತ್ತೆ. ಎಷ್ಟು ಹಾಳೆ ಬೇಕಾದೀತು?

ತೋಟದಂಚು: ಲೆಕ್ಕ ಮೇಲಿಂದ ಹಾಕಿ ಮೇಷ್ಟ್ರೇ. ದೊಡ್ಡವರ ತಲೆಗೆ ತಾಗದಂತೆ 7 ಅಡಿ ಬಿಟ್ಟರೆ ನಿಮಗೆ ಉಳಿಯೋದು ಮೂರು ಅಡಿ. ಒಂದು ಎಳೆಗೆ 5 ತುಂಡು ಸಾಕು. 40 ಎಳೆ, ಅಂದರೆ ಮಗುವಿಗೊಂದು ಎಳೆ, 200 ತುಂಡು. ನಾಲ್ಕೈದು ಇಂಚಿನ ತುಂಡು ಒಂದು ಹಾಳೆಗೆ ಆರಾದರೂ ಸಿಗುತ್ತೆ. ಸೀಳಿದ್ದು, ಬೂಷ್ಟಿನ ಕಲೆ ಇರೋದನ್ನ ಬದಿಗಿಟ್ಟರೂ ತಲೆಗೊಂದು ಹಾಳೆ ತಂದರೆ ಆಯ್ತು.

ಒಣ ಹಾಳೆಗೆ ಕತ್ತರಿ ಹಾಕಿಸಬೇಡಿ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಲೋಟ ಬೋರಲು ಹಾಕಿ ಗೀಟು ಎಳೆದು ಕತ್ತರಿಸಲಿ. ಬುಡದ ದಪ್ಪ ಭಾಗ ಮಕ್ಕಳಿಗೆ ಬಗ್ಗಲ್ಲ, ಅದನ್ನು ಮೊದಲೇ ದೊಡ್ಡವರು ಕತ್ತಿಯಲ್ಲಿ ತೆಗೆದುಬಿಡಲಿ. ಕತ್ತರಿಸಿದ್ದನ್ನ ಹಸಿ ಇರುವಾಗಲೇ ಹಳೇ ಪೇಪರ್ ನಡುವೆ ಜೋಡಿಸಿ ಮೇಲೆ ಕಲ್ಲು ಹೇರಿ. ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಒಳಗೇ ಬೂಷ್ಟು.

ಸೀಳೋದಕ್ಕೆ ಕಾರಣ ನಾರಿನ ದಿಕ್ಕು. ನಾರು ಮೇಲೆ ಕೆಳಗೆ ಇದ್ದರೆ ದಾರ ಎರಡು ನಾರಿನ ನಡುವೆ ಜಾರಿಕೊಂಡು ಅಂಚಿನವರೆಗೂ ಸೀಳುತ್ತೆ. ನಾರು ಅಡ್ಡಕ್ಕೆ ಬರುವಂತೆ ನೇತುಹಾಕಿ, ಆಗ ದಾರ ನಾರಿನ ಮೇಲೆ ಕೂರುತ್ತೆ. ಒದ್ದೆ ಇರುವಾಗಲೇ ಪೆನ್ಸಿಲ್‌ನಲ್ಲಿ ಬಾಣದ ಗುರುತು ಮಾಡಿ, ಅಂಚಿನಿಂದ ಬೆರಳಗಲ ಒಳಗೆ ದಬ್ಬಣದಲ್ಲಿ ತೂತು. ಗೋಣಿ ಹೊಲಿಯೋ ದಾರ ಹಾಕಿ. ಮೀನು ಗಾಳದ ನೈಲಾನಲ್ಲಿ ಮಕ್ಕಳು ಹಾಕಿದ ಗಂಟು ನಿಲ್ಲಲ್ಲ.

ಬುಟ್ಟಿಚಿತ್ತಾರ: ಬಣ್ಣ ಉದುರೋದು ನುಣುಪು ಮೈಗೆ ಬಳಿದರೆ. ಹಾಳೆ ಪೂರ್ತಿ ಒಣಗಿದ ಮೇಲೆ ಮರಳು ಕಾಗದದಲ್ಲಿ ಉಜ್ಜಿ, ಆಮೇಲೆ ಕೆಮ್ಮಣ್ಣು. ಮಣ್ಣನ್ನ ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ, ಒಂದು ಬಟ್ಟಲು ಬಗ್ಗಡಕ್ಕೆ ಎರಡು ದೊಡ್ಡ ಚಮಚ ಫೆವಿಕಾಲ್. ಬರೀ ಮಣ್ಣು ಕೈಗೆ ಅಂಟಿ ಬರುತ್ತೆ.

ಭೂಮಣ್ಣಿ ಬುಟ್ಟಿಗೆ (ಹಬ್ಬದ ದಿನ ಎಡೆ ಒಯ್ಯೋ ಚಿತ್ತಾರದ ಬುಟ್ಟಿ) ಅಕ್ಕಿ ಅರೆದು ಬಿಳಿ ಮಾಡೋದೇ ರೂಢಿ. ಆದರೆ ತಿಂಗಳುಗಟ್ಟಲೆ ತೂಗೋ ವಸ್ತುವಿಗೆ ಅದು ಬೇಡ, ಜಿರಲೆ ಬಿಡಲ್ಲ. ಶೇಡಿ (ಬಿಳಿ ಜೇಡಿಮಣ್ಣು) ಹಾಕಿ. ಬೂಷ್ಟಿಗೆ ಮೈಲುತುತ್ತ ಬೆರೆಸಿ ಅಂತ ಯಾರಾದರೂ ಹೇಳಿಯಾರು. ತೋಟದ ಮನೆಗಳಲ್ಲಿ ಕೈಗೆ ಸಿಗುತ್ತೆ ನಿಜ, ಮಕ್ಕಳ ಕೈ ಬಾಯಿಗೆ ಹೋದರೆ ವಿಷ. ಖಂಡಿತ ಬೇಡ.

ಕುಂಚಕ್ಕೆ ಪುಂಡಿ ನಾರು. ತುದಿ ಜಜ್ಜಿ, ಮೂರು ಇಂಚು ಉದ್ದಕ್ಕೆ ಕಟ್ಟಿಕೊಟ್ಟರೆ ಸಣ್ಣ ಕೈಗೂ ಹಿಡಿತ ಸಿಗುತ್ತೆ. ಊರಿನ ದೀವರ (ಮಲೆನಾಡಿನ ಒಂದು ರೈತ ಸಮುದಾಯ) ಮನೆಯಲ್ಲಿ ಚಿತ್ತಾರ ಬರೆಯೋ ಅಮ್ಮಂದಿರಿದ್ದರೆ ಕರೆಸಿ. ಫೋನ್ ನೋಡಿ ನಕಲು ಮಾಡಿಸೋದಕ್ಕಿಂತ ಅವರ ಪಕ್ಕ ಕೂತು ಒಂದು ಗೀಟು ಎಳೆಯೋದು ಮೇಲು, ಗೀಟು ಸೊಟ್ಟಗಾದರೂ ಸರಿ.

ಪಕಾಸಿರೀಪು: ಹಂಚು ಕೂರೋ ಮರದ ಪಟ್ಟಿ ಇದೆಯಲ್ಲ, ಆ ರೀಪಿಗೆ ಏನೂ ಕಟ್ಟಬೇಡಿ, ಹಂಚು ಜಾರುತ್ತೆ. ತೊಲೆಯಿಂದ ತೊಲೆಗೆ 12 ಗೇಜಿನ ಜಿಐ (ಸತು ಲೇಪದ ಕಬ್ಬಿಣದ) ತಂತಿ, ಎರಡೆರಡು ಅಡಿಗೆ ಒಂದರಂತೆ ಐದು. ಒಂದೊಂದಕ್ಕೆ ಎಂಟು ಎಳೆ, ಒಂದೂವರೆ ಅಡಿ ಅಂತರ. ಹಾಳೆ ಹಗುರ, ತೂಕದ ಚಿಂತೆಯಿಲ್ಲ. ಏಣಿ ಹತ್ತೋದು ಮಾತ್ರ ದೊಡ್ಡವರೇ.

ಊರಶಾಲೆ: ಉಪಕಾರ ಆಯ್ತು. ಹಾಲ್‌ನ ಒಂದು ಕಡೆ ಪೂರ್ತಿ ತೆರೆದಿದೆ, ಗಾಳಿಗೆ ಎಳೆಗಳು ಸಿಕ್ಕಾಗಲ್ವಾ?

ಪಕಾಸಿರೀಪು: ಆಗುತ್ತೆ. ಪ್ರತಿ ಎಳೆಯ ತುದಿಗೆ ಒಂದು ಅಡಿಕೆ ಗೋಟು (ಸಿಪ್ಪೆ ಸಮೇತ ಒಣಗಿದ ಹಣ್ಣಡಿಕೆ) ಕಟ್ಟಿ, ಭಾರಕ್ಕೆ. ತೆರೆದ ಬದಿಯ ಸಾಲಿಗೆ ಎರಡು ಕಟ್ಟಿದರೂ ನಡೆಯುತ್ತೆ. ಮೇಲ್ಗಂಟು ತಂತಿ ಮೇಲೆ ಸರಿಯದಂತೆ ಎರಡು ಸುತ್ತು ಹಾಕಿ ಬಿಗಿಯಿರಿ.