ಫಾಯಿಲ್–ಸೋಡಾ ಹಾಕಿದ ಮೇಲೆ ಬೆಳ್ಳಿ ಸರ ಮಂಕಾಗಿದೆ, ಮುಂದೇನು?

ಎಳೆಮಂಜು:
925 ಮುದ್ರೆ (ಸಾವಿರಕ್ಕೆ 925 ಪಾಲು ಬೆಳ್ಳಿ) ಇರುವ ಸರ ಕಪ್ಪಾಗಿತ್ತು. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಲ್ಲಿ ಮುಳುಗಿಸಿದೆ. ಕಪ್ಪು ಹೋಯ್ತು, ಹೊಳಪು ಬರಲಿಲ್ಲ. ಸುಣ್ಣ ಬಳಿದ ಹಾಗೆ ಬೆಳ್ಳಗಿದೆ. ಕೊಂಡಿಗಳ ಸಂದಿಯಲ್ಲಿ ಇನ್ನೂ ಕಪ್ಪು ಇದೆ. ಮುತ್ತು ಕೂರಿಸಿದ ಉಂಗುರ ಮತ್ತು ಆಕ್ಸಿಡೈಸ್ಡ್ ಜುಮುಕಿ ಉಳಿದಿವೆ. ಅವನ್ನೂ ಅದೇ ನೀರಿಗೆ ಹಾಕಬಹುದಾ? ಹೊಳಪಿಗೆ ಟೂತ್‌ಪೇಸ್ಟ್ ಆಗುತ್ತಾ?

ಕುಸುರಿಕೆಲಸ:
ಎರಡನ್ನೂ ಹಾಕಬೇಡಿ. ಟೂತ್‌ಪೇಸ್ಟೂ ಬೇಡ.

ಮೊದಲು ಸರ. ಕಪ್ಪು ಅಂದರೆ ಬೆಳ್ಳಿಯ ಸಲ್ಫೈಡ್. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಸೇರಿ ಆಗಿದ್ದು. ಸೋಡಾ ನೀರಲ್ಲಿ ಅಲ್ಯೂಮಿನಿಯಂ ಆ ಗಂಧಕವನ್ನು ಬೆಳ್ಳಿಯಿಂದ ಬಿಡಿಸುತ್ತದೆ (ಕೊಳೆತ ಮೊಟ್ಟೆಯ ವಾಸನೆ ಬರೋದು ಅದಕ್ಕೇ, ಕಿಟಕಿ ತೆರೆದಿಡಿ). ಬೆಳ್ಳಿ ಅಲ್ಲೇ ಉಳಿಯುತ್ತೆ ನಿಜ, ಆದರೆ ಮೊದಲಿನ ನುಣುಪಿನಲ್ಲಿ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣಗೆ ತರಿತರಿಯಾಗಿ ಕೂರುತ್ತೆ. ತರಿ ಮೇಲ್ಮೈಗೆ ಬಿದ್ದ ಬೆಳಕು ಚದುರಿಹೋಗುತ್ತೆ, ಹಾಗಾಗಿ ಮಂಕು ಬಿಳಿ. ಉಜ್ಜಿ ಮುಗಿಸದೆ ಹಾಗೇ ಬಿಟ್ಟರೆ ಬೇಗ ಮತ್ತೆ ಕಪ್ಪಾಗುತ್ತೆ, ಯಾಕಂದ್ರೆ ತರಿ ಇದ್ದಷ್ಟೂ ಗಾಳಿ ತಾಗುವ ಜಾಗ ಜಾಸ್ತಿ.

ಸಂದಿಯ ಕಪ್ಪಿಗೆ ಇನ್ನೊಂದು ಸಲ, ಹೀಗೆ: ಮೊದಲು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆತ್ತನೆ ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಮೈಎಣ್ಣೆ, ಕ್ರೀಮು ಉಳಿದ ಜಾಗದಲ್ಲಿ ಈ ಉಪಾಯ ನಡೆಯಲ್ಲ. ಗಾಜಿನ ಬಟ್ಟಲಿಗೆ ಹೊಸ ಫಾಯಿಲ್ ಹಾಸಿ (ಯಾವ ಬದಿ ಮೇಲಾದರೂ ಸರಿ), ಕುದಿ ಬಿಟ್ಟ ನೀರು 250 ಎಂ.ಎಲ್., ಅದಕ್ಕೆ ಒಂದು ದೊಡ್ಡ ಚಮಚ ಸೋಡಾ, ಒಂದು ಚಿಟಿಕೆ ಉಪ್ಪು. ಬೆಳ್ಳಿ ಫಾಯಿಲ್‌ಗೆ ತಾಗಿರಲೇಬೇಕು. ಮೇಲೆ ರಾಶಿ ಹಾಕಿದ್ದರೆ ತಾಗದ ಕೊಂಡಿ ಕಪ್ಪಾಗೇ ಉಳಿಯುತ್ತೆ. ಒಂದು ನಿಮಿಷಕ್ಕೊಮ್ಮೆ ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ತಿರುವಿ. ಎರಡರಿಂದ ಐದು ನಿಮಿಷ ಸಾಕು. ಫಾಯಿಲ್ ಕಪ್ಪು ಕಟ್ಟಿದರೆ ಬದಲಾಯಿಸಿ. ಆಮೇಲೆ ಚೆನ್ನಾಗಿ ತೊಳೆದು, ಕೊಂಡಿಯೊಳಗಿನ ನೀರೂ ಆರುವ ತನಕ ಬಟ್ಟೆ ಮೇಲೆ ಹರಡಿ.

ಹೊಳಪು ಬರೋದು ಇದಾದ ಮೇಲೆಯೇ. ಬೆಳ್ಳಿ ಒರೆಸುವ ಪಾಲಿಶ್ ಬಟ್ಟೆಯನ್ನು ಮಡಿಸಿ, ಸರದ ಒಂದು ತುದಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಬಟ್ಟೆಯೊಳಗೆ ಮೆಲ್ಲಗೆ ಎಳೆಯಿರಿ. ಜಗ್ಗಬೇಡಿ, ತೆಳು ಸರ ಮುರುಟಿಕೊಳ್ಳುತ್ತೆ. ಬಟ್ಟೆ ಕಪ್ಪಾದರೆ ಹೆದರಬೇಡಿ, ಒಗೆಯಲೂ ಬೇಡಿ: ಒಗೆದರೆ ಅದರಲ್ಲಿರುವ ಪಾಲಿಶ್ ಪುಡಿ ಹೋಗಿಬಿಡುತ್ತೆ.

ಟೂತ್‌ಪೇಸ್ಟಿನ ಪುಡಿ ಹಲ್ಲಿನ ಎನಾಮಲ್‌ಗೆ ಲೆಕ್ಕ ಹಾಕಿ ಹಾಕಿದ್ದು. ಎನಾಮಲ್ ಗಡಸುತನ ಮೋಸ್ ಅಳತೆಯಲ್ಲಿ 5, ಬೆಳ್ಳಿಯದು 2.5ರಿಂದ 3. ಗೀರು ಬೀಳದೆ ಇನ್ನೇನಾಗುತ್ತೆ?

ಮುತ್ತುಕಟ್ಟು:
ಉಂಗುರದ ಬಗ್ಗೆ. ಮುತ್ತು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆರಸ, ವಿನಿಗರ್, ಅಂಗಡಿಯ ಅದ್ದುವ ದ್ರಾವಣ, ಯಾವ ಆಮ್ಲವೇ ಇರಲಿ, ಅದರ ಮೇಲ್ಪದರ ತಿನ್ನುತ್ತೆ. ಬಿಸಿ ಸೋಡಾ ನೀರೂ ಒಳ್ಳೆಯದಲ್ಲ. ಜೊತೆಗೆ ಉಂಗುರದ ಮುತ್ತನ್ನು ಸಾಮಾನ್ಯವಾಗಿ ಅರ್ಧ ಕೊರೆದು ಸಣ್ಣ ಕಡ್ಡಿಗೆ ಅಂಟಿಸಿರ್ತಾರೆ; ಬಿಸಿಗೆ ಅಂಟು ಮೆತ್ತಗಾಗಿ ಮುತ್ತು ಕಳಚಿ ಬರಬಹುದು. ಬೆಳ್ಳಿ ಭಾಗಕ್ಕೆ ಮಾತ್ರ ಪಾಲಿಶ್ ಬಟ್ಟೆ, ಬೆರಳಿಗೆ ಸುತ್ತಿಕೊಂಡು. ಮುತ್ತಿಗೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದು ಒರೆಸು, ಅಷ್ಟೇ. ಹವಳ, ಟರ್ಕಾಯ್ಸ್, ಓಪಲ್, ಎಣ್ಣೆ ಕುಡಿಸಿದ ಪಚ್ಚೆ ಇದ್ದರೂ ಇದೇ ನಿಯಮ.

ಜುಮುಕಿ: ಅದರ ಕಪ್ಪೂ ಸಾಮಾನ್ಯವಾಗಿ ಬೇಕೆಂದೇ ಗಂಧಕದ ದ್ರಾವಣದಲ್ಲಿ ಕಟ್ಟಿಸಿದ ಸಲ್ಫೈಡ್. ಫಾಯಿಲ್‌ಗೆ ಬೇಕಾದ ಕಪ್ಪು, ಬೇಡದ ಕಪ್ಪು ಅನ್ನೋ ಭೇದ ಗೊತ್ತಾಗಲ್ಲ, ಎಲ್ಲವನ್ನೂ ಎಳೆದುಕೊಳ್ಳುತ್ತೆ, ಚಿತ್ತಾರ ಅಳಿಸಿಹೋಗುತ್ತೆ. ಸೋಪು ನೀರಲ್ಲಿ ಹಗುರವಾಗಿ ತೊಳೆದು ಒಣಗಿಸಿ, ಉಬ್ಬಿದ ಭಾಗವನ್ನಷ್ಟೇ ಬಟ್ಟೆಯಿಂದ ತಿಕ್ಕಿ. ಗುಳಿಗಳಿಗೆ ಕೈ ಹಾಕಬೇಡಿ. ಈಗಾಗಲೇ ಕಪ್ಪು ಹೋಗಿದ್ದರೆ ಅಕ್ಕಸಾಲಿಗರು ಮತ್ತೆ ಕಟ್ಟಿಕೊಡಬಲ್ಲರು.

ಆಕ್ಸಿಡೈಸ್ಡ್ ಅಂತ ಮಾರುವ ಒಡವೆಯೆಲ್ಲ ಬೆಳ್ಳಿ ಅಲ್ಲ ಅನ್ನೋದೂ ನೆನಪಿರಲಿ. ಹಿತ್ತಾಳೆ ಮೇಲೆ ಲೇಪ ಇದ್ದರೆ ಪಾಲಿಶ್ ತಿಕ್ಕಿದಷ್ಟೂ ಒಳಗಿನ ಹಳದಿ ಇಣುಕುತ್ತೆ.

ಎಳೆಮಂಜು:
ಬಹಳ ಉಪಯೋಗವಾಯ್ತು. ಸರ ಉಜ್ಜಿದ ಮೇಲೆ ಹೊಳಪು ಬಂತು. ಆದರೆ ಪದಕದ ಹಿಂದೆ, ಕೊಕ್ಕೆ ಬೆಸೆದ ಕಡೆ, ಮೋಡದಂಥ ನೇರಳೆ–ಬೂದು ಕಲೆ ಹೋಗ್ತಿಲ್ಲ. ಇನ್ನೂ ಜೋರಾಗಿ ಉಜ್ಜಬೇಕಾ? ಆಮೇಲೆ ಎತ್ತಿಡೋದು ಹೇಗೆ?

ಕುಸುರಿಕೆಲಸ:
ಬೆಸುಗೆಯ ಹತ್ತಿರ ಇದೆ ಅಂದರೆ ಅದು ಬೇರೆಯೇ. 925ರಲ್ಲಿ ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಬೆಸುಗೆಯ ಶಾಖಕ್ಕೆ ಬೆಳ್ಳಿಯ ಒಳಪದರದಲ್ಲೇ ತಾಮ್ರ ಆಕ್ಸೈಡ್ ಆಗಿ ಆ ಕಲೆ ಕೂತಿದೆ. ಫಾಯಿಲ್‌ಗೂ ಬಟ್ಟೆಗೂ ಬಗ್ಗಲ್ಲ. ಲೋಹವನ್ನೇ ಅರೆದು ತೆಗೆಯಬೇಕು. ಹಿಂಬದಿ ತಾನೇ, ಬಿಟ್ಟುಬಿಡಿ.

ಮುತ್ತುಕಟ್ಟು:
ಎತ್ತಿಡೋದಕ್ಕೆ: ಒರೆಸಿ ಪೂರ್ತಿ ಒಣಗಿಸಿ, ಒಂದೊಂದು ಒಡವೆಗೆ ಒಂದೊಂದು ಜಿಪ್ ಪಾಲಿಥಿನ್ ಚೀಲ, ಗಾಳಿ ಒತ್ತಿ ತೆಗೆದು ಮುಚ್ಚಿ. ಪಿವಿಸಿ ಚೀಲ ಬೇಡ. ಕಪ್ಪಾಗದಂತೆ ತಡೆಯುವ ಕಾಗದದ ಪಟ್ಟಿ ಸಿಗುತ್ತೆ, ಒಂದು ತುಂಡು ಒಳಗಿಡಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಎರಡರಲ್ಲೂ ಗಂಧಕ ಇದೆ. ಒಡವೆ ಇಟ್ಟ ಡಬ್ಬಿಯ ಒಳಗೂ ಬೇಡ. ಮುತ್ತಿನ ಉಂಗುರವನ್ನು ಮಾತ್ರ ಗಾಳಿಯಾಡದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಸಿಲಿಕಾ ಜೆಲ್ ಜೊತೆ ಅಂತೂ ಬೇಡವೇ ಬೇಡ, ಮುತ್ತು ಒಣಗಿ ಬಿರುಕು ಬಿಡಬಹುದು. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.