ಮನೆ ಮುಗೀತು, ಕರೆಂಟು ಬಂತು, ಇಂಟರ್ನೆಟ್ ಮಾತ್ರ ಗೇಟಿನಾಚೆ ನಿಂತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಫೈಬರ್ ಇಂಟರ್ನೆಟ್ ಕೆಲಸ ಮಾಡುವವರು ಒಬ್ಬರು ಇದ್ದಾರೆ ಅಂತ ಗೊತ್ತಾಯಿತು, ಅದಕ್ಕೆ ಕೇಳುತ್ತಿದ್ದೇನೆ.

ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿಕೊಂಡಿದ್ದೇವೆ. ಗೃಹಪ್ರವೇಶ ಆಗಿ ಐದು ತಿಂಗಳಾಯಿತು. ಒಟ್ಟು 64 ಸೈಟು, ಮನೆ ಎದ್ದಿರುವುದು 14. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಊರಿಗೆ ವಾಪಸ್ ಬಂದಿದ್ದೇ ಆ ಧೈರ್ಯದ ಮೇಲೆ.

ಮೂರು ಕಂಪನಿಗಳನ್ನು ಕೇಳಿದೆ. ಮೊದಲನೆಯವರ ಆ್ಯಪ್‌ನಲ್ಲಿ ‘ನಿಮ್ಮ ವಿಳಾಸದಲ್ಲಿ ಸೇವೆ ಲಭ್ಯ’ ಅಂತ ಬಂತು. ದುಡ್ಡು ಕಟ್ಟಿದೆ. ಹುಡುಗ ಬಂದ, ಬೀದಿಯಲ್ಲಿ ನಿಂತು ಮೇಲೆ ನೋಡಿದ, ಆಚೆ ಈಚೆ ನೋಡಿದ, ‘ಕಂಬಾನೇ ಇಲ್ವಲ್ಲ ಮೇಡಂ’ ಅಂದು ಹೋದ. ದುಡ್ಡು ವಾಪಸ್ ಬರುವುದಕ್ಕೆ ಒಂದು ತಿಂಗಳು ಹಿಡಿಯಿತು. ಎರಡನೆಯವರು ‘ಪೋರ್ಟ್ ಖಾಲಿ ಇಲ್ಲ’ ಅಂದರು. ಮೂರನೆಯವರು ‘ದೂರ ಆಗುತ್ತೆ’ ಅಂದವರು ಈಗ ಫೋನೇ ಎತ್ತುವುದಿಲ್ಲ. ಡೆವಲಪರ್ ‘ಪೈಪ್ ಹಾಕಿ ಕೊಟ್ಟಿದ್ದೀವಿ, ಕಂಪನಿಯವರು ಬರಬೇಕು’ ಅನ್ನುತ್ತಾರೆ. ಬ್ರೋಷರಿನಲ್ಲಿ ಮಾತ್ರ ‘ಹೈಸ್ಪೀಡ್ ಇಂಟರ್ನೆಟ್ ಸೌಲಭ್ಯ’ ಅಂತ ದಪ್ಪ ಅಕ್ಷರದಲ್ಲಿದೆ.

ಮೊಬೈಲ್ ಹಾಟ್‌ಸ್ಪಾಟ್ ಸರಿಯಾಗಿ ಸಿಗುವುದು ತಾರಸಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಹೋದ ವಾರ ಛತ್ರಿ ಹಿಡಿದುಕೊಂಡು ಮೀಟಿಂಗ್ ಮಾಡಿದೆ. ನಮ್ಮ ಅತ್ತೆ ಕೆಳಗಿನಿಂದ ‘ನೆಗಡಿ ಆಗುತ್ತೆ ಕಣೇ, ಇಳಿದು ಬಾ’ ಅಂತ ಕೂಗಿದ್ದು ಇಡೀ ಟೀಮಿಗೆ ಕೇಳಿಸಿದೆ. ಏನು ಮಾಡಲಿ, ಯಾರನ್ನು ಹಿಡಿಯಲಿ?

ಉತ್ತರ (ಫೈಬರ್ ಕೆಲಸದವರು)

ಮೇಡಂ, ನಮಸ್ಕಾರ. ಮೊದಲು ಆ ಆ್ಯಪ್ ವಿಷಯ. ಅಲ್ಲಿ ಬರುವ ‘ಲಭ್ಯ’ ಅನ್ನುವುದು ಬಹಳ ಸಲ ಪಿನ್‌ಕೋಡ್ ಅಥವಾ ಏರಿಯಾ ನೋಡಿ ಹೇಳುವ ಮಾತು. ನಿಮ್ಮ ಗೇಟಿನ ಮುಂದೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ನಿಜವಾದ ಉತ್ತರ ಸಿಗುವುದು ಕಂಬದ ಮೇಲಿನ ಡಬ್ಬಿಯಲ್ಲಿ.

ಒಂದು ಫೈಬರ್, ಅಂದರೆ ಬೆಳಕು ಸಾಗುವ ಗಾಜಿನ ಎಳೆ, ಕಂಪನಿಯ ಎಕ್ಸ್‌ಚೇಂಜಿನಿಂದ ಹೊರಟು ದಾರಿಯಲ್ಲಿ ಪಾಲಾಗುತ್ತಾ ಬರುತ್ತದೆ. ಪಾಲು ಮಾಡುವುದಕ್ಕೆ ಸ್ಪ್ಲಿಟರ್ ಅನ್ನುತ್ತೇವೆ. ಒಂದು 8 ಆಗುತ್ತದೆ, ಆ ಎಂಟರಲ್ಲಿ ಒಂದೊಂದೂ ಮತ್ತೆ 8. ಹೀಗೆ ಒಂದು ಎಳೆಯಿಂದ 64 ಮನೆ. ಮನೆ ಹತ್ತಿರದ ಡಬ್ಬಿಯಲ್ಲಿ ಸಾಮಾನ್ಯವಾಗಿ 8 ಪೋರ್ಟು, ಅಂದರೆ ಮನೆಗೊಂದರಂತೆ ವೈರು ಸಿಕ್ಕಿಸುವ ಕಿಂಡಿ, ಇರುತ್ತದೆ. ಎಂಟೂ ತುಂಬಿದ್ದರೆ ‘ಪೋರ್ಟ್ ಖಾಲಿ ಇಲ್ಲ’. ಅವರು ಸುಳ್ಳು ಹೇಳಿಲ್ಲ. ಆದರೆ ಇನ್ನೊಂದು ಡಬ್ಬಿ ಕಟ್ಟಬಹುದು ಅನ್ನುವ ಮಾತನ್ನು ನುಂಗಿದ್ದಾರೆ.

‘ದೂರ ಆಗುತ್ತೆ’ ಅಂದವರ ಮಾತು ನಾನು ಒಪ್ಪುವುದಿಲ್ಲ. ನಾವು ಹಾಕುವ ಜಿಪಾನ್ ಫೈಬರ್ (ಹೀಗೆ ಪಾಲು ಮಾಡುವ ವ್ಯವಸ್ಥೆಗೆ ಆ ಹೆಸರು) 20 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತದೆ. ಲೆಕ್ಕ ನೋಡಿ. ಎಕ್ಸ್‌ಚೇಂಜಿನಿಂದ ಬೆಳಕು ಹೊರಡುವಾಗ ಅದರ ಬಲ ಪ್ಲಸ್ 3 ಡಿಬಿಎಂ ಇದೆ ಅನ್ನೋಣ (ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಡಿಬಿ ಅಂದರೆ ದಾರಿಯಲ್ಲಿ ಕಳೆಯುವ ಲೆಕ್ಕ). ಎಂಟು ಪಾಲಿನ ಸ್ಪ್ಲಿಟರ್ ಒಂದೊಂದು ಸುಮಾರು 10 ಡಿಬಿ ತಿನ್ನುತ್ತದೆ, ಎರಡಕ್ಕೆ 20. ಕಿಲೋಮೀಟರಿಗೆ 0.35 ಹಿಡಿದರೆ 4 ಕಿಲೋಮೀಟರಿಗೆ 1.4. ಜಾಯಿಂಟು, ಕನೆಕ್ಟರು ಎಲ್ಲ ಸೇರಿ 2 ಇಟ್ಟುಕೊಳ್ಳಿ. ನಿಮ್ಮ ಮನೆಗೆ ಮೈನಸ್ 20ರ ಆಸುಪಾಸಿನಲ್ಲಿ ಬರುತ್ತದೆ. ಮನೆಯ ಪೆಟ್ಟಿಗೆ (ಮೋಡೆಮ್) ಬೆಳಕು ಮೈನಸ್ 27ಕ್ಕೆ ಇಳಿಯುವವರೆಗೆ ತಡೆದುಕೊಳ್ಳುತ್ತದೆ. ನೋಡಿದ್ರಾ, ತಿನ್ನುವುದು ಸ್ಪ್ಲಿಟರ್, ದೂರ ಅಲ್ಲ. ‘ದೂರ’ ಅಂದರೆ ‘ಇಷ್ಟು ಕೇಬಲ್ ಎಳೆದರೆ ಎಷ್ಟು ಮನೆ ಸಿಗುತ್ತೆ’ ಅಂತ ಅರ್ಥ. ಒಬ್ಬರಿಗಾಗಿ 400 ಮೀಟರ್ ಕೇಬಲ್ ಯಾರೂ ಎಳೆಯುವುದಿಲ್ಲ. ಹತ್ತು ಮನೆ ಅಂದರೆ ಅದೇ ಮನುಷ್ಯ ಅದೇ ದಿನ ಬೈಕ್ ಹತ್ತುತ್ತಾನೆ.

ಇನ್ನು ಕಂಬ. ಎಷ್ಟೋ ಹೊಸ ಲೇಔಟುಗಳಲ್ಲಿ ಕರೆಂಟು ನೆಲದಡಿಯಲ್ಲಿ ಬರುತ್ತದೆ, ನೋಡುವುದಕ್ಕೆ ಚೆಂದ. ನಮಗೆ ಮಾತ್ರ ವೈರು ಕಟ್ಟುವುದಕ್ಕೆ ಜಾಗ ಇಲ್ಲ. ಹಳೇ ಬಡಾವಣೆಗಳಲ್ಲಿ ಕಂಬದಿಂದ ಕಂಬಕ್ಕೆ ಹಾರಿಸಿಕೊಂಡು ಬರುತ್ತೇವೆ. ನಿಮ್ಮಲ್ಲಿ ನೆಲದ ಪೈಪೊಂದೇ ದಾರಿ. ಅದಕ್ಕೇ ನನ್ನ ಪ್ರಶ್ನೆ: ಡೆವಲಪರ್ ಹಾಕಿದ ಪೈಪ್ ನೀವು ಕಣ್ಣಾರೆ ನೋಡಿದ್ದೀರಾ? ಅದು ಮುಖ್ಯ ರಸ್ತೆಯವರೆಗೆ ಹೋಗುತ್ತದಾ, ಇಲ್ಲ ಗೇಟಿನ ಹತ್ತಿರವೇ ಮುಗಿದಿದೆಯಾ? ಆಮೇಲೆ ಕೇಬಲ್ ಎಳೆಯುವುದಕ್ಕೆ ಅಂತ ಒಳಗೆ ಹಗ್ಗ ಬಿಟ್ಟಿದ್ದಾರಾ? ಈ ಮೂರು ತಿಳಿದುಕೊಂಡು ಬನ್ನಿ. ಅಲ್ಲಿಯವರೆಗೆ ಯಾವ ಕಂಪನಿಗೂ ದುಡ್ಡು ಕಟ್ಟಬೇಡಿ.

ಇನ್ನೊಬ್ಬ ಸದಸ್ಯರು

ಸಾರ್, ನಮ್ಮದೂ ಇದೇ ಕಥೆ, ಬೇಲೂರು ರಸ್ತೆ ಕಡೆ. ನಾವು ಒಂದು ಐಡಿಯಾ ಮಾಡಿದ್ದೇವೆ. ರಸ್ತೆ ಪಕ್ಕದ ಹಳೇ ಮನೆಯವರ ಹತ್ತಿರ ಒಂದು ಒಳ್ಳೆ ಕನೆಕ್ಷನ್ ತೆಗೆದುಕೊಂಡು, ಅಲ್ಲಿಂದ ಹತ್ತು ಮನೆಗೆ ಹಂಚಿಕೊಂಡು, ಬಿಲ್ಲೂ ಹಂಚಿಕೊಳ್ಳುವುದು. ಆಗುತ್ತಾ?

ಉತ್ತರ

ತಂತಿ ಲೆಕ್ಕದಲ್ಲಿ ಆಗುತ್ತದೆ. ಆದರೆ ಮಾಡಬೇಡಿ ಅಣ್ಣಾ. ಲೈಸೆನ್ಸ್ ಇಲ್ಲದೆ ಇಂಟರ್ನೆಟ್ ಹಂಚಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಆ ಹತ್ತು ಮನೆಯಲ್ಲಿ ಒಂದು ಮನೆಯ ಹುಡುಗ ಏನಾದರೂ ಎಡವಟ್ಟು ಮಾಡಿದರೆ ಪೊಲೀಸರು ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಹಾಗೆ ಹಂಚಲೇಬೇಕು ಅಂದರೆ ಪಿಎಂ-ವಾಣಿ ಅಂತ ಸಾರ್ವಜನಿಕ ವೈಫೈಗೆ ಕೇಂದ್ರದ ಒಂದು ಯೋಜನೆ 2020ರ ಡಿಸೆಂಬರಿನಲ್ಲಿ ಬಂದಿದೆ. ಅದರಡಿ ಮಾತ್ರ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಹಂಚಬಹುದು. ಆದರೆ ಅದು ಟೀ ಅಂಗಡಿ, ಬಸ್ ಸ್ಟ್ಯಾಂಡಿಗೆ ಸರಿ. ಬೆಳಗ್ಗೆಯಿಂದ ಸಂಜೆವರೆಗೆ ಆಫೀಸ್ ಕೆಲಸ ಮಾಡುವ ಮನೆಗೆ ನಾನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಸಾರ್, ಪೈಪ್ ಶನಿವಾರ ನೋಡುತ್ತೇವೆ. ಅಲ್ಲಿಯವರೆಗೆ 5ಜಿ ಡಬ್ಬಿ ಹಾಕಿಸಿಕೊಳ್ಳಲಾ? ಏರ್‌ಫೈಬರ್ ಅಂತಾರಲ್ಲ.

ಉತ್ತರ

ಹಾಕಿಸಿಕೊಳ್ಳಿ, ಆದರೆ ಮೊದಲು ಪರೀಕ್ಷೆ ಮಾಡಿ. ಜಿಯೋ, ಏರ್‌ಟೆಲ್ ಎರಡೂ 2023ರಿಂದ ಇದನ್ನು ಕೊಡುತ್ತಿವೆ. ತಾರಸಿಯಲ್ಲೊಂದು ಆಂಟೆನಾ, ಒಳಗೊಂದು ವೈಫೈ ಪೆಟ್ಟಿಗೆ. ಕಂಬ ಬೇಡ, ಅಗೆಯುವುದು ಬೇಡ.

ಯಾವ ಕಂಪನಿಯದು ಬೇಕೋ ಅದೇ ಸಿಮ್ ಇರುವ 5ಜಿ ಫೋನ್ ಹಿಡಿದು ತಾರಸಿಯ ನಾಲ್ಕೂ ಮೂಲೆಯಲ್ಲಿ ಸ್ಪೀಡ್ ನೋಡಿ. ಬೆಳಗ್ಗೆ ನೋಡಿದರೆ ಸಾಲದು, ರಾತ್ರಿ 9 ಗಂಟೆಗೂ ನೋಡಿ. ಆ ಹೊತ್ತಿಗೆ ಸುತ್ತಮುತ್ತಲಿನ ಎಲ್ಲರೂ ಅದೇ ಟವರನ್ನು ಹಿಂಡುತ್ತಿರುತ್ತಾರೆ. ನಿಮಗೆ ಟ್ಯಾಂಕಿನ ಪಕ್ಕ ಚೆನ್ನಾಗಿ ಸಿಗುತ್ತದೆ ಅಂದಿರಲ್ಲ, ಒಳಗೆ ಸಿಗದಿರುವುದಕ್ಕೆ ಬಹುಶಃ ಗೋಡೆಯೇ ಕಾರಣ. 5ಜಿ ಜಾಸ್ತಿ ಓಡುವುದು 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅದಕ್ಕೆ ಗೋಡೆ ಅಂದರೆ ಆಗುವುದಿಲ್ಲ. ಆಂಟೆನಾವನ್ನು ಅದೇ ಟ್ಯಾಂಕಿನ ಹತ್ತಿರ ಕೂರಿಸಿ ಅಂತ ಹುಡುಗನಿಗೆ ನೀವೇ ಹೇಳಿ. ಅವನು ಕೆಲಸ ಬೇಗ ಮುಗಿಯಲಿ ಅಂತ ಮೆಟ್ಟಿಲ ಹತ್ತಿರ ಹಾಕುತ್ತಾನೆ.

ಆರು ತಿಂಗಳು, ವರ್ಷದ ಪ್ಲಾನ್ ಒಟ್ಟಿಗೆ ಕಟ್ಟಬೇಡಿ. ಫೈಬರ್ ಬಂದ ದಿನ ಬೇಜಾರಾಗುತ್ತದೆ.

ನಿವೃತ್ತ ಎಂಜಿನಿಯರ್ ಒಬ್ಬರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪೈಪಿನ ಜೊತೆಗೆ ಕಾಗದವನ್ನೂ ನೋಡಬೇಕಮ್ಮ. ಲೇಔಟಿನ ರಸ್ತೆ, ಪಾರ್ಕುಗಳನ್ನು ಡೆವಲಪರ್ ಇನ್ನೂ ಹಸ್ತಾಂತರ ಮಾಡಿಲ್ಲ ಅಂದರೆ, ರಸ್ತೆ ಅಗೆಯುವುದಕ್ಕೆ ಒಪ್ಪಿಗೆ ಕೊಡಬೇಕಾದವನು ಅವನೇ. ಹಸ್ತಾಂತರ ಆಗಿದ್ದರೆ ಸ್ಥಳೀಯ ಸಂಸ್ಥೆ. ಕಂಪನಿಯವರು ಯಾರ ಬಾಗಿಲು ಬಡಿಯಬೇಕು ಅಂತ ತಿಳಿಯದೆ ಎಷ್ಟೋ ಕಡೆ ಫೈಲು ಅಲ್ಲೇ ಕೂರುತ್ತದೆ. ಸರ್ಕಾರಿ ಜಾಗದಲ್ಲಿ ಕೇಬಲ್ ಎಳೆಯುವುದಕ್ಕೆ ದೂರಸಂಪರ್ಕ ಮಾರ್ಗಹಕ್ಕು ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಖಾಸಗಿ ಜಾಗಕ್ಕೆ ಮಾತ್ರ ಸಾಮಾನ್ಯವಾಗಿ ಮಾಲೀಕನ ಒಪ್ಪಿಗೆ ಬೇಕು.

ಇನ್ನೊಂದು. ಆ ಬ್ರೋಷರನ್ನು ಎಸೆಯಬೇಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಇರುವುದೇ ಜಾಹೀರಾತು ನಂಬಿ ದುಡ್ಡು ಹಾಕಿದವರಿಗಾಗಿ. ನಾಳೆಯೇ ಕೇಸು ಹಾಕಿ ಅಂತ ಹೇಳುತ್ತಿಲ್ಲ. ‘ಬ್ರೋಷರಿನ ಪ್ರತಿ ಇದೆ’ ಅಂತ ಒಂದು ಪತ್ರದಲ್ಲಿ ಬರೆದು, ಮನೆ ಮಾಲೀಕರೆಲ್ಲ ಸಹಿ ಹಾಕಿ ಕೊಡಿ. ಫೋನಿನಲ್ಲಿ ಬರದ ಉತ್ತರ ಪತ್ರಕ್ಕೆ ಬರುತ್ತದೆ.

ಹಾಗೇ ಲೇಔಟ್ ನಗರದ ಗಡಿಯೊಳಗಿದೆಯಾ ಇಲ್ಲ ಪಂಚಾಯಿತಿಗೆ ಸೇರಿದೆಯಾ ನೋಡಿ. ಪಂಚಾಯಿತಿಯಾದರೆ ಭಾರತ್‌ನೆಟ್ (ಪಂಚಾಯಿತಿಗಳಿಗೆ ಇಂಟರ್ನೆಟ್ ಮುಟ್ಟಿಸುವ ಸರ್ಕಾರಿ ಯೋಜನೆ) ಫೈಬರ್ ಪಂಚಾಯಿತಿ ಕಚೇರಿಯವರೆಗೆ ಬಂದಿದೆಯಾ ಅಂತ ಪಿಡಿಓ ಅವರನ್ನು ವಿಚಾರಿಸಬಹುದು.

ಉತ್ತರ

ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ಬಿಎಸ್‌ಎನ್‌ಎಲ್ ಫೈಬರ್ ಕೂಡ ಈಗ ಬಹಳ ಕಡೆ ಸ್ಥಳೀಯ ಪಾರ್ಟ್ನರುಗಳ ಕೈಯಲ್ಲೇ ನಡೆಯುತ್ತಿದೆ. ಕಚೇರಿಯಲ್ಲಿ ಅರ್ಜಿ ಕೊಟ್ಟು ಸುಮ್ನೆ ಕೂರುವ ಬದಲು, ‘ನಮ್ಮ ಏರಿಯಾ ಪಾರ್ಟ್ನರ್ ಯಾರು’ ಅಂತ ಕೇಳಿ ಅವರಿಗೇ ನೇರ ಫೋನ್ ಮಾಡಿ. ಅವರಿಗೆ ಕನೆಕ್ಷನ್ ಜಾಸ್ತಿ ಆದಷ್ಟೂ ಲಾಭ. ಹದಿನಾಲ್ಕು ಹೆಸರಿನ ಪಟ್ಟಿ ಕೈಗೆ ಸಿಕ್ಕರೆ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು (ನಾಲ್ಕು ದಿನ ಆದ ಮೇಲೆ)

ಸಾರ್, ವರದಿ ಕೊಡುತ್ತಿದ್ದೇನೆ. ಶನಿವಾರ ನಾನು, ನಮ್ಮ ಯಜಮಾನರು, ಎದುರು ಮನೆಯ ಮೇಷ್ಟ್ರು ಮೂರೂ ಜನ ಸೇರಿ ಗೇಟಿನಿಂದ ಶುರು ಮಾಡಿ ಪೈಪಿನ ದಾರಿಯಲ್ಲಿರುವ ಚೇಂಬರ್ (ಗುಂಡಿ) ಮುಚ್ಚಳ ಒಂದೊಂದಾಗಿ ಎತ್ತಿಸಿದೆವು. ಮೊದಲನೆಯದರಲ್ಲಿ ನೀರು, ಎರಡು ಕಪ್ಪೆ. ಎರಡನೆಯದರಲ್ಲಿ ಸಿಮೆಂಟ್ ಚೀಲ. ಪೈಪ್ ಇದೆ, ಕಪ್ಪು ಬಣ್ಣದ್ದು, ಬಾಯಿ ಮೂರು ಬೆರಳಷ್ಟು ಅಗಲ. ಮುಖ್ಯ ರಸ್ತೆಯವರೆಗೂ ಹೋಗಿದೆ, ಅದೊಂದು ಸಮಾಧಾನ. ಹಗ್ಗ ಮಾತ್ರ ಎಲ್ಲೂ ಇಲ್ಲ. 11 ಮನೆಯವರು ಸಹಿ ಹಾಕಿದ್ದಾರೆ. ಉಳಿದ ಮೂವರಲ್ಲಿ ಇಬ್ಬರು ದುಬೈನಲ್ಲಿದ್ದಾರೆ, ಒಬ್ಬರಿಗೆ ಮೊಬೈಲೇ ಸಾಕಂತೆ.

ಉತ್ತರ

ಶಭಾಷ್ ಮೇಡಂ! ಕಪ್ಪು ಪೈಪ್ ಅಂದರೆ ಎಚ್‌ಡಿಪಿಇ, ಗಟ್ಟಿ ಪ್ಲಾಸ್ಟಿಕ್ಕಿನದು, ಇರಬೇಕು. ಮೂರು ಬೆರಳು ಅಂದರೆ 40 ಎಂಎಂ ಆಸುಪಾಸು, ಅದು ಫೈಬರಿಗೆ ಧಾರಾಳವಾಯಿತು. ಪೈಪು ದಾರಿಯುದ್ದಕ್ಕೂ ಇದೆ ಅಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಹಗ್ಗ ಇಲ್ಲದಿದ್ದರೂ ದಾರಿ ಇದೆ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ತೆಗೆದುಕೊಂಡು ಹೋಗಿ. ಮೊದಲು ಚೇಂಬರಿನ ನೀರು ತೆಗೆಸಿ. ತೆಳ್ಳನೆಯ ನೈಲಾನ್ ದಾರಕ್ಕೆ ಪ್ಲಾಸ್ಟಿಕ್ ಕವರಿನ ತುಂಡು ಕಟ್ಟಿ, ಪೈಪಿನ ಒಂದು ಬಾಯಿಗೆ ಇಡಿ. ಆ ಕಡೆ ಚೇಂಬರಿನಲ್ಲಿ ಕ್ಲೀನರಿನ ಮೂತಿ ಇಟ್ಟು, ಸಂದಿಗೆ ಒದ್ದೆ ಬಟ್ಟೆ ಸುತ್ತಿ, ಆನ್ ಮಾಡಿ. ಕವರು ಚಿಕ್ಕ ಕೊಡೆ ಹಾಗೆ ಅರಳಿಕೊಂಡು ದಾರ ಎಳೆದುಕೊಂಡು ಓಡುತ್ತದೆ. ಮೊದಲ ಸಲ ನೋಡಿದವರು ಚಪ್ಪಾಳೆ ಹೊಡೆಯುತ್ತಾರೆ. ಒಳಗೆ ನೀರು ನಿಂತಿದ್ದರೆ ಮಾತ್ರ ಇದು ಬೇಡ, ಕ್ಲೀನರ್ ಸುಟ್ಟು ಹೋದೀತು. ದಾರ ಬಂದ ಮೇಲೆ ಅದಕ್ಕೆ ಗಟ್ಟಿ ಹಗ್ಗ ಕಟ್ಟಿ ಎಳೆದು ಅಲ್ಲೇ ಬಿಟ್ಟುಬಿಡಿ. ಕೇಬಲ್ ತಂದವನಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ, ಆ ಲೆಕ್ಕದಲ್ಲಿ ಚಾರ್ಜು ಚೌಕಾಸಿ ಮಾಡಿ.

ಕೇಬಲ್ ಬಂದ ದಿನ ಎರಡು ಕೆಲಸ ನಿಂತು ಮಾಡಿಸಿ. ಲೇಔಟಿನ ಒಳಗೆ ಎರಡು ಡಬ್ಬಿ ಹಾಕಿಸಿ. ಒಂದೇ ಡಬ್ಬಿಗೆ 8 ಪೋರ್ಟು, ನೀವು 11 ಜನ. ಆಮೇಲೆ ಮನೆಯೊಳಗೆ ಪವರ್ ಮೀಟರ್ ಇಟ್ಟು ಬೆಳಕು ಎಷ್ಟು ಬರುತ್ತಿದೆ ತೋರಿಸು ಅನ್ನಿ. ಮೈನಸ್ 25ಕ್ಕಿಂತ ಕೆಳಗೆ ಇಳಿದಿದ್ದರೆ ಜಾಯಿಂಟು ಮತ್ತೆ ಹಾಕಿಸಿ. ಹಾಗೇ ಬಿಟ್ಟರೆ ಇವತ್ತು ನಡೆಯುತ್ತದೆ, ಮಳೆಗಾಲದಲ್ಲಿ ಪೆಟ್ಟಿಗೆಯ ಕೆಂಪು ದೀಪ ಮಿನುಗಲು ಶುರು ಆಗುತ್ತದೆ.

ಪ್ರಶ್ನೆ ಕೇಳಿದವರು

ಸಾರ್, ಮೂರು ಕಡೆ ದಾರ ಓಡಿತು! ಮೇಷ್ಟ್ರ ಮೊಮ್ಮಗಳು ನಿಜವಾಗಿಯೂ ಚಪ್ಪಾಳೆ ಹೊಡೆದಳು. ಆದರೆ ಮೂರನೇ ಮತ್ತು ನಾಲ್ಕನೇ ಚೇಂಬರ್ ನಡುವೆ ಏನು ಮಾಡಿದರೂ ಆಗುತ್ತಿಲ್ಲ. ಗಾಳಿಯೇ ಎಳೆಯುವುದಿಲ್ಲ.

ಉತ್ತರ

ಅಲ್ಲಿ ಮನೆ ಕಟ್ಟುವಾಗ ಕಾಂಕ್ರೀಟ್ ಲಾರಿ ಓಡಾಡಿತ್ತಾ?

ಪ್ರಶ್ನೆ ಕೇಳಿದವರು

ಹೌದು ಸಾರ್! ಮೂಲೆ ಮನೆಗೆ. ಬೋರ್‌ವೆಲ್ ಲಾರಿ ಕೂಡ ಅಲ್ಲೇ ಮೂರು ದಿನ ನಿಂತಿತ್ತು.

ಉತ್ತರ

ಪೈಪ್ ಅಪ್ಪಚ್ಚಿ ಆಗಿದೆ. ಪೂರ್ತಿ ರಸ್ತೆ ಅಗೆಸಬೇಡಿ. ಡಕ್ಟ್ ರಾಡ್ ಅಂತ ಬರುತ್ತದೆ, ಬಗ್ಗುವ ಫೈಬರ್‌ಗ್ಲಾಸ್ ಕಡ್ಡಿ, ಕೇಬಲ್ ಕೆಲಸದವರ ಹತ್ತಿರ ಇರುತ್ತದೆ. ಮೂರನೇ ಚೇಂಬರಿನಿಂದ ತೂರಿಸಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ರಾಡಿಗೆ ಟೇಪ್ ಸುತ್ತಿ, ಹೊರಗೆ ಎಳೆದು ಅಳತೆ ತೆಗೆಯಿರಿ. ನಾಲ್ಕನೆಯ ಕಡೆಯಿಂದಲೂ ಹಾಗೇ. ಎರಡೂ ಅಳತೆಯನ್ನು ರಸ್ತೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಮಧ್ಯದಲ್ಲಿ ಉಳಿಯುವುದೇ ಜಜ್ಜಿದ ಜಾಗ. ಅಷ್ಟು ಮಾತ್ರ ಕತ್ತರಿಸಿ, ಹೊಸ ತುಂಡಿಟ್ಟು ಕಪ್ಲರ್ (ಪೈಪ್ ಜೋಡಿಸುವ ಕೊಳವೆ) ಹಾಕಿದರೆ ಆಯಿತು.

ಪ್ರಶ್ನೆ ಕೇಳಿದವರು

ಅಳತೆ ಸಿಕ್ಕಿತು ಸಾರ್. ಉಳಿದದ್ದು ಒಂದೂವರೆ ಮೀಟರ್ ಅಷ್ಟೇ, ಸರಿಯಾಗಿ ಮೂಲೆ ಮನೆ ಗೇಟಿನ ಮುಂದೆ. 11 ಮನೆಯವರ ಸಹಿ ಇರುವ ಪತ್ರ ಕೊಟ್ಟ ಮೇಲೆ ಡೆವಲಪರ್ ‘ಖರ್ಚು ನಮ್ಮದೇ’ ಅಂತ ಒಪ್ಪಿಕೊಂಡರು. ಗುರುವಾರ ಜೆಸಿಬಿ ಕಳಿಸುತ್ತಾರಂತೆ.

ಉತ್ತರ

ಅಯ್ಯೋ, ಜೆಸಿಬಿ ಬೇಡ ಅನ್ನಿ ಮೇಡಂ. ಅದೇ ರಸ್ತೆಯಡಿ ನಿಮ್ಮ ನೀರಿನ ಪೈಪೂ ಇದೆ, ಕರೆಂಟ್ ಕೇಬಲ್ಲೂ ಇದೆ. ಅಗೆಯುವ ಮುಂಚೆ ಕರೆಂಟ್ ಕಂಪನಿ ಸೆಸ್ಕ್‌ಗೆ ಒಂದು ಮಾತು ತಿಳಿಸಿ, ಲೈನ್ ಎಲ್ಲಿ ಹೋಗಿದೆ ಕೇಳಿಕೊಳ್ಳಿ. ಆಮೇಲೆ ಒಂದು ಗುದ್ದಲಿ, ಇಬ್ಬರು ಆಳು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ.